ಪಿಸುಗುಂಡಿಗೆ ಗೊತ್ತಿಲ್ಲದ ಹೆಸರು

ನೀಲಗಂಗಾ ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲೇ ಫಲಕದ ಮೇಲೆ ಕೆಂಪು ದೀಪ ಹತ್ತಿತು. ಜಮಖಂಡಿಯ ಹುಡುಗನೊಬ್ಬ ನಿಂತುಬಿಟ್ಟಿದ್ದ. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ, ಯಾರೂ ಗದರಿಸಿರಲೂ ಇಲ್ಲ. ಅವನ ಅಜ್ಜಿ ಒಲೆಯ ಮುಂದೆ ಕೂತು, "ಇವತ್ತ ಉಣ್ಣಾಕ ಏನ್ ಮಾಡ್ಲೋ ತಮ್ಮಾ?" ಎಂದು ಕೇಳಿದ್ದಳು. ಅಷ್ಟಕ್ಕೇ ಹುಡುಗ ಕಣ್ಣು ಬಿಟ್ಟುಕೊಂಡು ಕಂಬವಾಗಿದ್ದ.

"ಝುಣಕ ಅಂತ ಹೇಳಿಬಿಡ್ರಿ," ಎಂದಳು ನೀಲಗಂಗಾ.

ಪಕ್ಕದ ಮೇಜಿನ ಇಮಾಮಸಾಬ ನದಾಫರು ಮೈಕು ಒತ್ತಿ, "ಝುಣಕ, ರೊಟ್ಟಿ," ಎಂದರು. ಅತ್ತ ಜಮಖಂಡಿಯಲ್ಲಿ ಹುಡುಗನ ಬಾಯಿಂದ ಅದೇ ಎರಡು ಪದ ಹೊರಬಿದ್ದವು. ದೀಪ ಆರಿತು.

"ಈ ವಾರದಾಗ ಆ ಹುಡುಗಗ ಬರೀ ಝುಣಕಾನ ತಿನ್ನಿಸಾಕತ್ತೀವ್ರಿ ಮ್ಯಾಡಂ," ಎಂದರು ಇಮಾಮಸಾಬರು. "ಅಂವಗ ಸೇರ್ತೈತೋ ಇಲ್ಲೋ, ಯಾರು ಕೇಳ್ಯಾರ?"

ನೀಲಗಂಗಾ ಫಲಕದತ್ತ ತಿರುಗಿದಳು. ಆಗಲೇ ಮತ್ತೆರಡು ದೀಪ ಹತ್ತಿದ್ದವು.

ಬಾಗಲಕೋಟೆಯ ನವನಗರದಲ್ಲಿದ್ದ ಆ ಕೋಣೆಗೆ ಕಾಗದದ ಮೇಲೆ ಭಾರಿ ಹೆಸರಿತ್ತು. ಅಲ್ಲಿ ಕೆಲಸ ಮಾಡುವವರು ಮಾತ್ರ ‘ದೀಪದ ಮನಿ’ ಎನ್ನುತ್ತಿದ್ದರು. ಸುತ್ತಲಿನ ಎಲ್ಲ ಶಾಲೆಗಳ ಮಕ್ಕಳ ಕಿವಿಯ ಹಿಂದೆ ಅಂಗಿಯ ಗುಂಡಿಯಷ್ಟೇ ದೊಡ್ಡದಾದ ಯಂತ್ರವೊಂದು ಅಂಟಿಕೊಂಡಿತ್ತು. ಜನ ಅದನ್ನು ಪಿಸುಗುಂಡಿ ಎಂದು ಕರೆಯುತ್ತಿದ್ದರು. ಮಗುವಿಗೆ ಏನಾದರೂ ನೆನಪಾಗದೆ ತಡವರಿಸಿದಾಗ ಮಿದುಳಿನ ಅಲೆಗಳಲ್ಲಿ ಸಣ್ಣದೊಂದು ತಗ್ಗು ಮೂಡುತ್ತದೆ. ಗುಂಡಿ ಆ ತಗ್ಗನ್ನು ಗುರುತಿಸಿ, ಮಗು ಅದರ ತಳ ಮುಟ್ಟುವ ಮೊದಲೇ ಎಲುಬಿನ ಮೂಲಕ ಉತ್ತರ ಪಿಸುಗುಟ್ಟುತ್ತಿತ್ತು. ಮಗ್ಗಿ, ನದಿಗಳು, ರಾಜರು, ಕ್ರಿಯಾಪದಗಳು, ಎಲ್ಲವೂ ಅದರ ಹೊಟ್ಟೆಯಲ್ಲಿ ಇದ್ದವು. ಮರೆಯುವ ಮಗು ಎಂಬುದೇ ಊರಿನಲ್ಲಿ ಇಲ್ಲವಾಯಿತು. ತಂದೆತಾಯಿಯರು ಹಿಗ್ಗಿದರು. ಯಾರಿಗೆ ಬೇಡ ಹೇಳಿ, ಪೂರ್ತಿ ಅಂಕ ತರುವ ಮಗು?

ಆದರೆ ಗುಂಡಿಯ ಹೊಟ್ಟೆಯಲ್ಲಿ ಇಲ್ಲದ್ದನ್ನು ಯಾರಾದರೂ ಕೇಳಿದರೆ ಮಕ್ಕಳು ನಿಂತುಬಿಡತೊಡಗಿದರು. ಉತ್ತರ ಬಂದೇ ಬರುತ್ತದೆಂದು ಕಾಯುತ್ತ, ಬಾಯಿ ಅರ್ಧ ತೆರೆದುಕೊಂಡು. ಅದಕ್ಕೇ ಈ ಕೋಣೆ ಹುಟ್ಟಿದ್ದು. ಮಗುವಿನ ಸುತ್ತಲಿನ ಮಾತನ್ನು ಗುಂಡಿಯ ಮೂಲಕವೇ ಕೇಳಿಸಿಕೊಂಡು, ಗುಂಡಿಗೆ ಗೊತ್ತಿಲ್ಲದ್ದನ್ನು ಇಲ್ಲಿನ ಮನುಷ್ಯರು ಹೇಳಿಕೊಡಬೇಕು. ಚುರುಕು ಬಾಯಿಯವರು ಬೇಕಿತ್ತು. ಅಂಥವರು ಊರ ತುಂಬ ಕೆಲಸ ಕಳೆದುಕೊಂಡು ಕೂತಿದ್ದರು. ಚಿತ್ರಕಲಾ ಶಿಕ್ಷಕರು, ಸಂಗೀತದ ಅಕ್ಕೋರು, ನಾಟಕದ ಮಾಸ್ತರರು. ಶಾಲೆಯಿಂದ ಹೊರಗೆ ಹಾಕಿಸಿದ ಗುಂಡಿಯ ಸಂಸ್ಥೆಯೇ ಅವರನ್ನು ಹಿಂಬಾಗಿಲಿನಿಂದ ಒಳಗೆ ಕರೆದಿತ್ತು.

ಮತ್ತು ಅವರನ್ನು ಹೊರಗೆ ಹಾಕಿಸಿದ್ದು ನೀಲಗಂಗಾ. ಆಗ ಅವಳು ಹೊಸ ಎಂಜಿನಿಯರು. ಗುಂಡಿಯ ಮೊದಲ ಪ್ರಯೋಗದಲ್ಲಿ ಒಂದೇ ಪಾಠವನ್ನು ಎರಡು ರೀತಿ ಕಲಿಸಲಾಗಿತ್ತು. ಒಂದು ತರಗತಿಯಲ್ಲಿ ಮಳೆಯ ಪಾಠವನ್ನು ಗುಂಡಿ ಹೇಳಿಕೊಟ್ಟಿತು. ಇನ್ನೊಂದರಲ್ಲಿ ಇದೇ ಇಮಾಮಸಾಬರು ಮಕ್ಕಳಿಗೆ ಸಮುದ್ರ, ಆವಿ, ಮೋಡಗಳ ವೇಷ ಕಟ್ಟಿ ಕುಣಿಸಿದರು. ಅಲೆಗಳನ್ನು ಅಳೆದು ನೋಡಿದಾಗ ವೇಷದ ತರಗತಿಯಲ್ಲಿ ಹೆಜ್ಜೆಹೆಜ್ಜೆಗೂ ತಗ್ಗು. ಆವಿಯಾದ ಹುಡುಗಿ ಮೇಲೆ ಹೋದವಳು ಕೆಳಗೆ ಹೇಗೆ ಇಳಿಯಬೇಕೆಂದು ತಿಳಿಯದೆ ನಿಂತಿದ್ದಳು. ಗುಂಡಿಯ ತರಗತಿ ಕೆರೆಯ ನೀರಿನ ಹಾಗೆ ಸಮತಟ್ಟು. ‘ಕಲೆಯ ಮೂಲಕ ಕಲಿಸಿದರೆ ಮಕ್ಕಳು ಅತಿ ಹೆಚ್ಚು ತಡವರಿಸುತ್ತಾರೆ, ಸಮಯ ವ್ಯರ್ಥ’ ಎಂದು ನೀಲಗಂಗಾ ಬರೆದುಕೊಟ್ಟಳು. ಲೆಕ್ಕ ಸರಿಯಾಗಿಯೇ ಇತ್ತು. ಮಕ್ಕಳು ತಡವರಿಸಬಾರದು ಎಂಬುದರಲ್ಲಿ ಅಂದು ಯಾರಿಗೂ ಅನುಮಾನ ಇರಲಿಲ್ಲ.

*

ಮನೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಮಂಚದ ಕೆಳಗೆ, ಬಸವಂತನ ಹಳೆಯ ಸ್ವೆಟರಿನ ಮೇಲೆ, ಒಂದೇ ಒಂದು ಮರಿ. ಅದೀಗ ಕಣ್ಣು ಬಿಟ್ಟು ಮನೆಯೆಲ್ಲ ಸುತ್ತತೊಡಗಿತ್ತು. ಬಸವಂತ ಊಟದ ತಾಟಿನ ಮುಂದೆ ಕೂತು ಮಗಳನ್ನು ಕೇಳಿದ:

"ಸಿಂಚನಾ, ಮರಿಗೆ ಹೆಸರೇನ ಇಡೋಣವಾ?"

ಒಂಬತ್ತು ವರ್ಷದ ಸಿಂಚನಾ ತರಗತಿಗೆ ಮೊದಲಿಗಳು. ಬೆಕ್ಕಿನ ಜಾತಿ, ಬೆಕ್ಕಿನ ಹಲ್ಲು, ಬೆಕ್ಕು ಎಷ್ಟು ವರ್ಷ ಬದುಕುತ್ತದೆ, ಯಾವುದನ್ನು ಕೇಳಿದರೂ ಪಟಪಟ ಹೇಳಿಯಾಳು. ಹೆಸರು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ರೊಟ್ಟಿಯ ತುಣುಕು ಕೈಯಲ್ಲಿ ಹಿಡಿದಂತೆಯೇ ಅವಳು ನಿಂತುಹೋದಳು.

"ಅಲಾ, ಹೆಸರ ಕೇಳಿದ್ನಿ ಅಷ್ಟ," ಎಂದು ಬಸವಂತ ಗಾಬರಿಯಾದ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟ ಅವನಿಗೆ ಮಂದಿಯ ಕಣ್ಣು ನೋಡಿ ಅಭ್ಯಾಸ. ಈ ಕಣ್ಣನ್ನು ಅವನಿಂದ ನೋಡಲಾಗಲಿಲ್ಲ. "ಕಣ್ಣು ತೆರೆದಾವ, ಒಳಗ ಯಾರೂ ಇಲ್ಲ ನೋಡು. ಏನರೆ ಮಾಡ, ನೀಲಾ!"

ನೀಲಗಂಗಾ ದೀಪದ ಮನಿಗೆ ಫೋನು ಮಾಡಿದಳು. ಅಲ್ಲಿ ಯಾರೋ ಒಂದು ಹೆಸರು ಕಳಿಸಿದರು. "ಪಿಂಕಿ," ಎಂದಳು ಸಿಂಚನಾ. ಮರಿ ಕರ್ರಗಿತ್ತು. ಮರುಕ್ಷಣ ಏನೂ ಆಗದವಳಂತೆ ರೊಟ್ಟಿ ಬಾಯಿಗಿಟ್ಟಳು. ಆಮೇಲೆ ಆ ಹೆಸರಿನಿಂದ ಮರಿಯನ್ನು ಒಮ್ಮೆಯೂ ಕರೆಯಲಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನೀಲಗಂಗಾಳಿಗೆ ಹೊಸ ಗಾದೆಯೇನಲ್ಲ. ಆದರೆ ಅದು ತನ್ನ ಅಡುಗೆಮನೆಯಲ್ಲೇ ಕಾಲು ಚಾಚಿ ಕೂತಾಗ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಮಗಳು ನಿಲ್ಲುವುದು ಇದೇ ಮೊದಲಲ್ಲ, ಮತ್ತು ಪ್ರತಿ ಸಲವೂ ನಿಂತ ಹೊತ್ತು ಹಿಂದಿನದಕ್ಕಿಂತ ಉದ್ದವಾಗುತ್ತಿತ್ತು.

ಕೋಣೆಯ ನಿರ್ದೇಶಕಿ ಡಾ. ವತ್ಸಲಾ ದೇಸಾಯಿ ಮರುದಿನವೇ ಅವಳನ್ನು ಕರೆಸಿಕೊಂಡರು. ಕೆಟ್ಟ ಹೆಂಗಸೇನಲ್ಲ, ಮಕ್ಕಳಿಗಾಗಿ ಊಟ ನಿದ್ದೆ ಬಿಟ್ಟವರು.

"ನಿನ್ನ ಮಗಳ ಮಿದುಳಿನ ಗೆರಿ ನೋಡೀನಿ, ನೀಲಗಂಗಾ. ಛಲೋ ಇಲ್ಲ. ಸೋಮವಾರ ಕಾಯಂ ಜೋಡಣಿ ಮಾಡಿಸಿಬಿಡು. ಗುಂಡಿ ಚರ್ಮದ ಒಳಗ ಹೋಗ್ತದ, ಹಗಲು ರಾತ್ರಿ ನಮ್ಮ ಜೋಡಿ ಸಂಪರ್ಕ ಇರ್ತದ. ನಿಲ್ಲೂ ಮಾತೇ ಇಲ್ಲ."

"ಮುಂದ ಯಾವಾಗಾದ್ರೂ ತೆಗಿಬಹುದೇನ್ರಿ?"

"ತೆಗಿಯೂದ್ಯಾಕ?" ಎಂದು ವತ್ಸಲಾ ನಿಜವಾಗಿಯೂ ಅರ್ಥವಾಗದೆ ಕೇಳಿದರು. ಆಮೇಲೆ ದನಿ ತಗ್ಗಿಸಿದರು. "ಸವಣೂರಿನ ಕೂಸಿನ ಸುದ್ದಿ ಗೊತ್ತದಲ್ಲ? ಉತ್ತರ ಕಳಿಸೂದು ತಡ ಆತು. ಕೆಂಪು ದೀಪ ನೇರಳಿ ಆತು. ಅದು ಮತ್ತ ಮಾತಾಡ್ಲಿಕ್ಕೆ ತಿಂಗಳುಗಟ್ಟಲೆ ದವಾಖಾನ್ಯಾಗ ಇರಬೇಕಾತು."

ನೀಲಗಂಗಾ ಒಪ್ಪಿ ತಲೆಯಾಡಿಸಿದಳು.

*

ಅದೇ ದಿನ ಮಧ್ಯಾಹ್ನ, ಕೋಣೆಯ ಪರದೆಗಳ ಮೇಲೆ ಸಿದ್ಧ ಉತ್ತರ ಸೂಚಿಸುವ ಭಂಡಾರ ಕೈಕೊಟ್ಟಿತು. ಪರದೆಗಳು ಬೆಳ್ಳಗಾದವು. ಮೈಕುಗಳು ಮಾತ್ರ ಬದುಕಿದ್ದವು. ಸರಿಯಾಗಿ ಆಗಲೇ ಇಮಾಮಸಾಬರ ಮುಂದೆ ಇಳಕಲ್ಲಿನ ಹುಡುಗಿಯೊಬ್ಬಳ ದೀಪ ಹತ್ತಿತು. ಮದುವೆ ಮನೆ. ಅವಳ ಸೋದರತ್ತೆ ಸುಣ್ಣ ಬಳಿದ ಗೋಡೆ ತೋರಿಸಿ, "ಇದರ ಮ್ಯಾಲ ಏನರೆ ಚಿತ್ರ ತೆಗಿಯವ್ವಾ," ಎಂದಿದ್ದಳು. ಹುಡುಗಿ, "ಗ್ವಾಡಿ ಬೆಳ್ಳಗೈತಿ," ಎಂದವಳೇ ನಿಂತಿದ್ದಳು.

ಇಮಾಮಸಾಬರಿಗೂ ಏನು ಹೇಳಬೇಕೋ ತೋಚಲಿಲ್ಲ. ಕೈ ಮಾತ್ರ ತಾನಾಗಿ ಮೇಜಿನ ಮೇಲೆ ತಾಳ ಹಾಕಿತು. ಅವರು ಮೈಕಿನಲ್ಲಿ ರಾಗ ಎಳೆದರು: "ಗ್ವಾಡಿ ಬೆಳ್ಳಗೈತಿ... ಗ್ವಾಡಿ ಬೆಳ್ಳಗೈತೇ..." ಮತ್ತೆ ಮತ್ತೆ ಅದನ್ನೇ.

"ಏನ್ ಮಾಡಾಕತ್ತೀರಿ ಸಾಹೇಬ್ರ? ಕೂಸಿನ ಜೀವದ ಜೋಡಿ ಹುಡುಗಾಟೇನು?" ಎಂದು ನೀಲಗಂಗಾ ಎದ್ದೇ ಬಂದಳು.

ಅಷ್ಟರಲ್ಲಿ ಹುಡುಗಿಯ ದನಿ ಕೇಳಿತು. "ಗ್ವಾಡಿ ಬೆಳ್ಳಗೈತಿ... ಬೆಳ್ಳಗಿದ್ರ... ಒಂದ್ ಕರೇ ಆನಿ ತೆಗೀತೀನಿ!" ದೀಪ ಆರಿತು. ಯಾರೂ ಉತ್ತರ ಕಳಿಸಿರಲಿಲ್ಲ.

ನೀಲಗಂಗಾ ಅವಳ ಅಲೆಯ ಗೆರೆಯನ್ನು ಹಿಗ್ಗಿಸಿ ನೋಡಿದಳು. ತಗ್ಗು ಇತ್ತು, ಆಳವಾಗಿಯೇ ಇತ್ತು. ಆದರೆ ಅದರ ಆಚೆ ದಡದಲ್ಲಿ ಒಂದು ಪುಟ್ಟ ದಿಬ್ಬ ಎದ್ದಿತ್ತು. ಇಂಥ ದಿಬ್ಬವನ್ನು ಅವಳು ಎಲ್ಲಿ ನೋಡಿದ್ದಳೆಂದು ನೆನಪಿಸಿಕೊಳ್ಳಲು ಯಾವ ಗುಂಡಿಯೂ ಬೇಕಾಗಲಿಲ್ಲ. ಮಳೆಯ ಪಾಠ. ವೇಷದ ತರಗತಿ. ಅಲ್ಲಿ ಪ್ರತಿ ತಗ್ಗಿನ ಆಚೆಗೂ ಹೀಗೊಂದು ದಿಬ್ಬ ಇತ್ತು. ಅವಳು ತಗ್ಗುಗಳನ್ನಷ್ಟೇ ಎಣಿಸಿದ್ದಳು. ಆವಿಯ ಹುಡುಗಿ ಕೊನೆಗೆ ಹೇಗೆ ಕೆಳಗಿಳಿದಳೆಂದು ಕೇಳಿಯೇ ಇರಲಿಲ್ಲ. ಅವಳು ಇಮಾಮಸಾಬರ ಕಡೆ ತಿರುಗಿದಳು.

"ಆ ಹುಡುಗಿ ಹೆಂಗ ಇಳಿದ್ಳು ಸಾಹೇಬ್ರ? ಆವಿ ಆಗಿದ್ದಾಕಿ?"

ಇಮಾಮಸಾಬರು ನಕ್ಕರು. "ಥಂಡಿ ಹತ್ತೇತಿ ಅಂತ ನಡುಗಿಕೋತ ಇನ್ನೊಂದು ಹುಡುಗೀನ ತೆಕ್ಕಿ ಬಡದ್ಳರೀ. ಇಬ್ರೂ ಕೂಡಿ ಭಾರ ಆಗಿ ದೊಪ್ಪನ ಬಿದ್ರು. ಮಳಿ ಯಾಕ ಬೀಳ್ತೈತಿ ಅಂತ ನಾ ಮತ್ತ ಹೇಳಬೇಕಾಗ್ಲಿಲ್ಲ."

"ಮತ್ತ ಈಗ ಮಾಡಿದ್ದು?"

"ದೊಡ್ಡಾಟದ ಪದ್ಧತಿರೀ. ವೇಷ ಹಾಕಿದಾಂವ ರಂಗದ ಮ್ಯಾಲ ಮಾತು ಮರತು ನಿಂತ ಅಂದ್ರ, ಹಿಂದಿನ ಮ್ಯಾಳದವ್ರು ಮುಂದಿನ ಮಾತು ಹೇಳಿಕೊಡಂಗಿಲ್ಲ. ಅಂವ ಕಡೀಕ ಏನ್ ಅಂದಿದ್ನೋ ಅದನ್ನ ಎತ್ತಿಕೊಂಡು ಹಾಡ್ತಾರ. ಹಾಡಿದ್ದ ಹಾಡ್ತಾರ. ಮಂದಿಗೆ ಗೊತ್ತಾಗಂಗಿಲ್ಲ, ಅಂವಗ ಧೈರ್ಯ ತಪ್ಪಂಗಿಲ್ಲ. ಅಷ್ಟರಾಗ ಮುಂದಿನ ಮಾತು ಅವಂದ ಅವಗ ಸಿಗತೈತಿ. ಸಾಲ್ಯಾಗೂ ನಾ ಹಂಗ ಮಾಡ್ತಿದ್ನಿ. ಭಾಗಾಕಾರ ಮರತಾಂವಗೂ ಅದ ಮ್ಯಾಳ."

"ಸಿಗಲಿಲ್ಲಂದ್ರ?"

"ಮತ್ತೊಂದು ಮಾತು ಹುಟ್ಟಿಸ್ತಾನರಿ. ಆಟ ನಿಲ್ಲಂಗಿಲ್ಲ."

ಆ ಮೇಲಿನ ದಿನಗಳಲ್ಲಿ ಇಬ್ಬರೂ ವತ್ಸಲಾ ಅವರ ಕಣ್ಣು ತಪ್ಪಿಸಿ ಇದನ್ನೇ ಪ್ರಯತ್ನಿಸಿದರು. ದೀಪ ಹತ್ತಿದೊಡನೆ ಉತ್ತರ ಕಳಿಸದೆ, ಮಗುವಿನ ಮಾತನ್ನೇ ಮಗುವಿಗೆ ಹಿಂತಿರುಗಿಸಿದರು. ಕೆಲವು ಮಕ್ಕಳು ಹೊರಗೆ ಬಂದರು. ಕೆಲವರು ಬರಲಿಲ್ಲ, ಅವರಿಗೆ ಗಡಿಬಿಡಿಯಿಂದ ಉತ್ತರ ಕಳಿಸಬೇಕಾಯಿತು. ಬಂದವರಲ್ಲಿ ಹೆಚ್ಚಿನವರು ತುಸು ದೊಡ್ಡವರು. ಗುಂಡಿ ಬರುವ ಮೊದಲು ಒಂದೆರಡು ವರ್ಷವಾದರೂ ಶಾಲೆಯಲ್ಲಿ ಗೀಚಿದವರು, ಹಾಡಿದವರು, ವೇಷ ಹಾಕಿದವರು. ಸಿಂಚನಾ ಹಾಗಲ್ಲ. ಅವಳು ಗುಂಡಿಯ ಕಾಲದಲ್ಲೇ ಶಾಲೆಗೆ ಹೋದವಳು. ಬಣ್ಣದ ಕಡ್ಡಿ ಹಿಡಿದದ್ದನ್ನು ನೀಲಗಂಗಾ ನೋಡಿಯೇ ಇರಲಿಲ್ಲ.

ನೀಲಗಂಗಾ ವತ್ಸಲಾ ಅವರಿಗೆ ಹೇಳಿಯೂ ನೋಡಿದಳು. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಾಕತ್ತೀವ್ರಿ ನಾವು. ಉತ್ತರ ತಡ ಆಗಿದ್ದಕ್ಕ ಮಕ್ಕಳು ನಿಲ್ಲಾಕತ್ತಿಲ್ಲ. ಉತ್ತರ ಲಗೂನ ಬಂದು ಬಂದು ನಿಲ್ಲಾಕತ್ತಾರ."

"ಹಾಡಿನ ಮ್ಯಾಲ ಭರೋಸಾ ಇಟ್ಟು ಕೂಸನ್ನ ಕಳಕೊಳ್ಳೂ ಧೈರ್ಯ ನಿನಗದ ಏನು?" ಎಂದರು ವತ್ಸಲಾ.

ಅವಳಿಗೆ ಇರಲಿಲ್ಲ. ಇದ್ದಿದ್ದರೆ ಸೋಮವಾರದ ಜೋಡಣೆಗೆ ಅವಳು ಒಪ್ಪುತ್ತಿರಲಿಲ್ಲ.

*

ಸೋಮವಾರ ಬೆಳಗ್ಗೆ ಮನೆಯಲ್ಲಿ ಕೂರಲಾಗದೆ ನೀಲಗಂಗಾ ಕೆಲಸಕ್ಕೆ ಬಂದಳು. ಮಧ್ಯಾಹ್ನ ನೇರವಾಗಿ ದವಾಖಾನೆಗೆ ಹೋಗುವುದೆಂದು, ಬಸವಂತ ಮಗಳನ್ನು ಕರೆತರುವುದೆಂದು ಮಾತಾಗಿತ್ತು. ಕೂತಳು, ಎದ್ದಳು, ಚಹಾ ತರಿಸಿ ಕುಡಿಯದೆ ಇಟ್ಟಳು. ಆಗ ಫಲಕದ ಮೂಲೆಯಲ್ಲಿ ಹಳದಿ ದೀಪವೊಂದು ಮಿಣುಕಿ ಕೆಂಪಾಯಿತು. ಸಂಖ್ಯೆ ಓದಬೇಕಾಗಿರಲಿಲ್ಲ. ಅದು ಮಗಳದು, ಅವಳಿಗೆ ಬಾಯಿಪಾಠವಾಗಿತ್ತು.

ಬಸವಂತ ಆಟೋ ತರಲು ಬೀದಿಯ ಕೊನೆಗೆ ಹೋಗಿದ್ದ. ಸಿಂಚನಾ ಹಿತ್ತಲಲ್ಲಿ ಒಬ್ಬಳೇ ಇದ್ದಳು. ಕಿವಿಗವಸಿನಲ್ಲಿ ಮರಿಯ ಅಳು ಕೇಳುತ್ತಿತ್ತು, ಡಬ್ಬಿಯೊಳಗಿನಿಂದ ಬಂದಂತೆ. ಆಮೇಲೆ ಮಗಳ ದನಿ: "ಮರಿ ಕೊಳವ್ಯಾಗ ಸಿಕ್ಕೈತಿ." ಅಷ್ಟೇ. ಹಿತ್ತಲಲ್ಲಿ ಹಳೆಯದೊಂದು ನೀರಿನ ಕೊಳವೆ ಬಿದ್ದಿತ್ತು, ಉದ್ದದ್ದು, ನಡುವೆ ಡೊಂಕು. ಬೆಕ್ಕಿನ ಮರಿ ಅದರೊಳಗೆ ಹೊಕ್ಕು ಡೊಂಕಿನಲ್ಲಿ ಸಿಕ್ಕಿಕೊಂಡಿತ್ತು. ಮಗಳು ಅದರ ಮುಂದೆ ನಿಂತುಬಿಟ್ಟಿದ್ದಳು.

ಉತ್ತರ ನೀಲಗಂಗಾಳ ನಾಲಗೆಯ ತುದಿಯಲ್ಲಿತ್ತು. ‘ಪಕ್ಕದ ಮನೆಯವರನ್ನು ಕರಿ.’ ಎರಡು ಕ್ಷಣದ ಕೆಲಸ. ದೀಪ ಆರುತ್ತಿತ್ತು, ಮಧ್ಯಾಹ್ನ ದವಾಖಾನೆ, ಆಮೇಲೆ ಮಗಳು ಎಂದೂ ನಿಲ್ಲುತ್ತಿರಲಿಲ್ಲ, ಎಂದೂ ತಾನಾಗಿ ನಡೆಯುತ್ತಲೂ ಇರಲಿಲ್ಲ. ಬೆರಳು ಮೈಕಿನ ಮೇಲಿತ್ತು. ಅವಳು ಇಮಾಮಸಾಬರ ಕಡೆ ನೋಡಿದಳು. ಹೇಳಿಕೊಡುವ ಜಾತಿಯೇ ಅವರದಲ್ಲ.

"ಮರಿ ಕೊಳವ್ಯಾಗ ಸಿಕ್ಕೈತಿ," ಎಂದಳು ನೀಲಗಂಗಾ ಮೈಕಿನಲ್ಲಿ. ಮತ್ತೆ ಅಂದಳು. ಹಾಡಬೇಕೆಂದು ನೆನಪಾಗಿ ಎಳೆದಳು: "ಕೊಳವ್ಯಾಗ ಸಿಕ್ಕೈತೇ..." ಜೀವಮಾನದಲ್ಲಿ ಹಾಡದ ಹೆಂಗಸು, ದನಿ ತಗಡು ಎಳೆದಂತಿತ್ತು. ಇಮಾಮಸಾಬರು ಮೇಜಿನ ಮೇಲೆ ತಾಳ ಹಾಕಿದರು. ಹಿಂದಿನ ಸಾಲಿನ ಸಂಗೀತದ ಅಕ್ಕೋರು ಎದ್ದು ಬಂದು ದನಿಗೂಡಿಸಿದರು. ಅವರ ಹಿಂದೆ ಚಿತ್ರದ ಮಾಸ್ತರರು, ಅವರಿಗೂ ಶ್ರುತಿ ಇಲ್ಲ. ಇಡೀ ಕೋಣೆಯೇ ಒಂದು ಮೈಕಿನ ಸುತ್ತ ಮ್ಯಾಳ ಕಟ್ಟಿತು.

ಗೆರೆ ಇಳಿಯುತ್ತಲೇ ಇತ್ತು. ಸದ್ದು ಕೇಳಿ ವತ್ಸಲಾ ಓಡಿಬಂದರು. ಫಲಕ ನೋಡಿ ಕೂಗಿದರು.

"ನೀಲಗಂಗಾ! ನಿನ್ನ ಮಗಳು ಅದು! ಉತ್ತರ ಕಳಿಸು!"

"ಒಂದೀಟು ತಡೀರಿ."

"ನೇರಳಿ ಆಗ್ಲಿಕ್ಹತ್ತದ, ಕಣ್ಣು ಕಾಣಸ್ತಾವಿಲ್ಲೋ?" ವತ್ಸಲಾ ಮೇಜಿನ ಮೇಲಿನ, ಸಿದ್ಧ ಉತ್ತರ ಕಳಿಸುವ ಒತ್ತುಗುಂಡಿಗೆ ಕೈ ಚಾಚಿದರು. ನೀಲಗಂಗಾ ತನ್ನ ಅಂಗೈಯನ್ನು ಅದರ ಮೇಲೆ ಮುಚ್ಚಿಟ್ಟಳು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿ ಹಾಡುತ್ತಿತ್ತು. ಮಗಳು ಹೋದರೆ ಕೈಯಾರೆ ಕಳೆದವಳು ತಾನೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದೀಪದ ಅಂಚು ನೇರಳೆಗೆ ತಿರುಗಿತು. ಅಂಗೈಯ ಕೆಳಗೆ ಒತ್ತುಗುಂಡಿ ಬೆಚ್ಚಗಿತ್ತು. ಇನ್ನೊಂದು ಉಸಿರು, ಆಮೇಲೆ ಒತ್ತಿಬಿಡುತ್ತೇನೆ ಎಂದುಕೊಂಡಳು. ಆ ಉಸಿರೂ ಮುಗಿಯಿತು. ಇನ್ನೊಂದು ಎಂದುಕೊಂಡಳು.

"ಕೊಳವ್ಯಾಗ ಸಿಕ್ಕೈತಿ..."

ಮೊದಲಿಗೆ ಯಾರಿಗೂ ತಿಳಿಯಲಿಲ್ಲ, ದನಿ ಕೋಣೆಯೊಳಗಿನದೆಂದೇ ಎಲ್ಲರೂ ಅಂದುಕೊಂಡರು. ಅದು ಹಿತ್ತಲಿನಿಂದ ಬಂದಿತ್ತು.

"ಸಿಕ್ಕೈತಿ... ಕೊಳವಿ ಡೊಂಕೈತಿ... ಕೈ ಹೋಗಂಗಿಲ್ಲ..." ಪದಗಳ ನಡುವೆ ದೊಡ್ಡ ದೊಡ್ಡ ಸಂದು. ತಗ್ಗಿನ ತಳದಲ್ಲಿ ಮಗು ತಡಕಾಡುತ್ತಿತ್ತು. "ಅದಕ ಅಂಜಿಕಿ ಬಂದೈತಿ... ಅಂಜಿದ್ರ... ಅಂಜಿದ್ರ ಅವ್ವ ಬೇಕು... ಅದರ ಅವ್ವನ್ನ ತರ್ತೀನಿ!"

ಓಡುವ ಹೆಜ್ಜೆಯ ಸದ್ದು. ಮಂಚದ ಕೆಳಗಿನಿಂದ ಎಳೆಸಿಕೊಂಡ ತಾಯಿಬೆಕ್ಕಿನ ಕೋಪದ ಕೂಗು. "ಇಲ್ಲಿ ಕೂಡು. ಈ ತುದ್ಯಾಗ ಕೂಡು. ಎಳೀಬ್ಯಾಡ, ಬರೇ ಕರಿ ಅದನ್ನ." ತಾಯಿಬೆಕ್ಕು ಕರೆಯಿತು. ಕೊಳವೆಯೊಳಗೆ ಅಳು ನಿಂತಿತು. ಪರಪರ ಕೆರೆದ ಸದ್ದು, ಆಮೇಲೆ ಸಿಂಚನಾಳ ನಗು.

ದೀಪ ಆರಿತು. ಗೆರೆಯ ಆಚೆ ದಡದಲ್ಲಿ ದಿಬ್ಬ ಎದ್ದಿತ್ತು, ಸಣ್ಣದು, ವಕ್ರವಾದದ್ದು. ನೀಲಗಂಗಾ ಒತ್ತುಗುಂಡಿಯ ಮೇಲಿನಿಂದ ಕೈ ತೆಗೆಯಲು ನೋಡಿದಳು, ಬೆರಳು ಮರಗಟ್ಟಿದ್ದವು. ಸಂಗೀತದ ಅಕ್ಕೋರು ಅವನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ವತ್ಸಲಾ ಕುರ್ಚಿಯಲ್ಲಿ ಕುಸಿದಿದ್ದರು. "ಮಧ್ಯಾಹ್ನ ಅಲ್ಲಿ ಡಾಕ್ಟರು ಕಾಯ್ತಿರ್ತಾರ," ಎಂದರು. ಅದು ಆಜ್ಞೆಯೋ ಪ್ರಶ್ನೆಯೋ ಅವರಿಗೇ ಸ್ಪಷ್ಟವಿದ್ದಂತೆ ಕಾಣಲಿಲ್ಲ.

"ಕಾಯಲಿ ಬಿಡ್ರಿ," ಎಂದಳು ನೀಲಗಂಗಾ ಮೂಗು ಒರೆಸಿಕೊಳ್ಳುತ್ತ. "ಕಾಯೂದು ಎಲ್ಲಾರೂ ಕಲೀಬೇಕಾಗೈತಿ ಈಗ. ಸಾಹೇಬ್ರನ್ನ ಒಂದು ಸಾಲಿಗೆ ವಾಪಸ್ ಕಳಸ್ರಿ. ಒಂದ ಸಾಲಿ ಸಾಕು. ಪಾಠ ನಿಮ್ಮದ ಇರಲಿ, ಕಲಿಸೂದು ಅವರ ಪದ್ಧತಿ. ಗೆರಿ ನಾ ಅಳೀತೀನಿ. ಈ ಸಲ ದಿಬ್ಬಾನೂ ಎಣಸ್ತೀನಿ."

ಫಲಕದ ಮೇಲೆ ಜಮಖಂಡಿಯ ಹುಡುಗನ ದೀಪ ಹತ್ತಿತು. ಅಜ್ಜಿ ಮತ್ತೆ ಕೇಳಿದ್ದಳು. ಇಮಾಮಸಾಬರು ನಿರ್ದೇಶಕಿಯ ಮುಖ ನೋಡಿದರು. ವತ್ಸಲಾ ತಲೆ ಬೇರೆ ಕಡೆ ತಿರುಗಿಸಿದರು. ಇಮಾಮಸಾಬರು ತಾಳ ಹಾಕಿದರು.

*

ಸಂಜೆ ನೀಲಗಂಗಾ ಮನೆಗೆ ಬಂದಾಗ ಮಗಳು ಅಂಗಳದಲ್ಲಿ ಇದ್ದಿಲು ಹಿಡಿದು ಕೂತಿದ್ದಳು. ನೆಲದ ಮೇಲೆ ಡೊಂಕು ಕೊಳವೆಯ ಚಿತ್ರ, ಅದರ ಎರಡು ತುದಿಯಲ್ಲಿ ಎರಡು ಕರಿ ಗುಡ್ಡೆ. ಯಾವುದು ಬೆಕ್ಕು, ಯಾವುದು ಮರಿ ಎಂದು ದೇವರಿಗೂ ಹೇಳಲಾಗುತ್ತಿರಲಿಲ್ಲ. ಮಗಳು ಕಿವಿಯಿಂದ ಕಿತ್ತ ಪಿಸುಗುಂಡಿ ಬಾಗಿಲ ಹೊಸ್ತಿಲ ಮೇಲೆ ಬಿದ್ದಿತ್ತು. ಬಸವಂತ ದೂರದಲ್ಲಿ ನಿಂತು, ಮುಟ್ಟಿದರೆ ಮಗಳು ಮತ್ತೆ ನಿಂತುಬಿಟ್ಟಾಳೆಂಬ ಭಯದಲ್ಲಿ ಉಸಿರು ಹಿಡಿದು ನೋಡುತ್ತಿದ್ದ.

"ಅವ್ವಾ, ಇದಕ ಹೆಸರಿಲ್ಲ," ಎಂದಳು ಸಿಂಚನಾ, ತೊಡೆಯ ಮೇಲಿನ ಮರಿಯನ್ನು ಸವರುತ್ತ.

"ಪಿಂಕಿ ಅಂದಿದ್ದೆಲ್ಲವಾ?"

"ಅದು ನಂದಲ್ಲ." ಆಮೇಲೆ ಮಗು ಸುಮ್ಮನಾಯಿತು. ಕಣ್ಣು ಮರಿಯ ಮೇಲೆ ನೆಟ್ಟಿತು. ಬಾಯಿ ಅರ್ಧ ತೆರೆಯಿತು. ನಿಂತುಬಿಟ್ಟಳೋ, ಯೋಚಿಸುತ್ತಿದ್ದಾಳೋ ಹೊರಗಿನಿಂದ ತಿಳಿಯುವ ಹಾಗಿರಲಿಲ್ಲ. ಕಾಡಿಗೆ, ಕರಿಯ, ಇದ್ದಿಲ, ಜೀರಿಗೆ, ಹೆಸರುಗಳು ನೀಲಗಂಗಾಳ ನಾಲಗೆಗೆ ಓಡೋಡಿ ಬಂದವು. ಎಲ್ಲವನ್ನೂ ನುಂಗಿದಳು.

"ಇದಕ ಹೆಸರಿಲ್ಲ..." ಎಂದಳು ಮೆಲ್ಲಗೆ, ಅದೇ ಕೆಟ್ಟ ರಾಗದಲ್ಲಿ.

"ತಡಿ ಅವ್ವಾ," ಎಂದಳು ಮಗಳು ತಲೆ ಎತ್ತದೆ. "ಹಾಡಬ್ಯಾಡ. ಬರಾಕತ್ತೈತಿ."

ನೀಲಗಂಗಾ ಬಾಯಿ ಮುಚ್ಚಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.